ಕುದುರೆಮುಖ ಟೌನ್‌ಶಿಪ್ಪಲ್ಲಿ ಬೆಳೆದೋರು ಯಾರಾದ್ರೂ ಇದೀರಾ ಇಲ್ಲಿ?

ಕ್ವಾರ್ಟರ್ಸ್_ಹುಡುಗ:
ಹೋದ್ವಾರ ಹೊರನಾಡಿಗೆ ಹೊರಟಿದ್ವಿ. ಮನೆಯವ್ಳು, ಮಗಳು, ಅತ್ತೆ ಎಲ್ಲಾ ಇದ್ರು. ಕಾರ್ಕಳ ಬಜಗೋಳಿ ದಾಟಿ ಮಾಳ ಘಾಟಿ ಹತ್ತಿ ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಜಿಲ್ಲೆ ಗಡಿ) ಹತ್ರ ಬರ್ತಿದ್ದಂಗೆ ಮಂಜು ಎಷ್ಟು ಮುಚ್ಕೊಂಡ್ತು ಅಂದ್ರೆ ಮುಂದಿನ ಗಾಡಿ ಟೈಲ್ ಲೈಟ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ, ಹಂಗೇ ನಿಧಾನಕ್ಕೆ ಇಳ್ಕೊಂಡು ಬಂದು ಟೌನ್‌ಶಿಪ್ ಹತ್ರ ನಿಲ್ಸಿದೆ. ಎರಡನೇ ಕ್ಲಾಸಿಂದ ಎಸ್ಸೆಸ್ಸೆಲ್ಸಿ ತನಕ ಇದ್ದ ಜಾಗ ಕಣ್ರಿ. ಅಪ್ಪ ಅಲ್ಲಿನ ಕಬ್ಬಿಣದ ಗಣಿ ಕಂಪನಿ ಪ್ಲಾಂಟಲ್ಲಿ ಎಲೆಕ್ಟ್ರಿಷಿಯನ್, ಗಣಿ ಮುಚ್ಚಿದ ಮೇಲೆ ಊರು ಖಾಲಿ ಆಯ್ತು. ನಮ್ ಬ್ಲಾಕಿನ ಕಡೆ ಹೋಗೋ ರೋಡಲ್ಲಿ ಡಾಂಬರಿನ ಮಧ್ಯ ಹುಲ್ಲು ಬೆಳ್ದು ರೋಡು ಎರಡು ಗೆರೆ ಆಗೋಗಿದೆ, ಕಿಟಕಿ ಗಾಜಿಲ್ಲ, ಛಾವಣಿ ಮೇಲೆ ಪಾಚಿ, ಒಂದು ಮನೆ ಒಳಗಿಂದ ಗಿಡ ಹೊರಗೆ ಬಂದಿದೆ. ಗೇಟಲ್ಲಿದ್ದೋರು ಒಳಗೆ ಹೋಗಂಗಿಲ್ಲ ಸಾರ್ ಅಂದ್ರು, ಅವ್ರದ್ದೇನೂ ತಪ್ಪಿಲ್ಲ, ದೂರದಿಂದ್ಲೇ ಒಂದು ಫೋಟೊ ತಗೊಂಡೆ.

ಮಗಳು ಕೇಳಿದ್ಳು, ಅಪ್ಪಾ ಇದು ನಿಮ್ಮೂರಾ ಅಂತ. ನಾನು ಹೂಂ ಅಂದೆ. ಹೆಂಡ್ತಿ ನಕ್ಕೊಂಡು, ನಿಮ್ಮೂರು ಹಾಸನ ಅಲ್ವೇನ್ರಿ ಅಂದ್ಳು. ಹಾಸನದಲ್ಲಿ ನಾನು ಒಟ್ಟು ಇದ್ದಿದ್ದು ಬೇಸಿಗೆ ರಜೆಲಿ ಅಷ್ಟೆ, ಅಲ್ಲಿ ನಮ್ಮ ದೊಡ್ಡಪ್ಪನ ಮಕ್ಳು ನನ್ನ 'ಕುದುರೆಮುಖದವ್ನು' ಅಂತ್ಲೇ ಕರೀತಿದ್ರು. ಯಾವ್ದು ನಮ್ಮೂರು ಹಂಗಾದ್ರೆ? ಟೌನ್‌ಶಿಪ್ಪಿನೋರು ಇದ್ರೆ ಮಾತಾಡಿ. ಆ ಊರಿನ ಕಥೆ ಪೂರ್ತಿ ಗೊತ್ತಿರೋರು ಇದ್ರೆ ಬರೀರಿ, ನನಗೂ ಗೊತ್ತಿರೋದು ಅಪ್ಪ ಹೇಳಿದ್ದಷ್ಟೇ.

ಟ್ರೆಕ್ಕಿಂಗ್_ಮಗಾ:
ಗುರು ಫೋಟೊ ಹಾಕು ಗುರು. ಘೋಸ್ಟ್ ಟೌನ್ ಅಂತಾರಲ್ಲ ಅದೇ ಅಲ್ವಾ ಇದು? ನಾವು ಕುದುರೆಮುಖ ಪೀಕ್ ಮಾಡಿದೀವಿ ಎರಡು ಸಲ, ಮುಳ್ಳೋಡಿಂದ. ಟೌನ್‌ಶಿಪ್ ಒಳಗೆ ಹೋಗಕ್ಕೆ ಏನಾದ್ರೂ ದಾರಿ ಇದ್ಯಾ? ಡ್ರೋನ್ ಶಾಟ್ ಸಕ್ಕತ್ತಾಗಿ ಬರುತ್ತೆ.

ಮಳೆಗಾಲದ_ಅಕ್ಕ:
ತಮ್ಮಾ, ದೆವ್ವ ಗಿವ್ವ ಏನಿಲ್ಲ ಅಲ್ಲಿ. ನಾವು ಕೂತು ಅವರೆಕಾಯಿ ಸುಲೀತಿದ್ದ ಕಟ್ಟೆ ಅದು. ಡ್ರೋನ್ ಬೇರೆ ಬೇಡ, ರಾಷ್ಟ್ರೀಯ ಉದ್ಯಾನ ಸುತ್ತ, ಕೇಸ್ ಹಾಕ್ತಾರೆ ನೋಡು ಆಮೇಲೆ.

ಹಳೇ_ನಕ್ಷೆ:
ಕಥೆ ಕೇಳಿದ್ರಲ್ಲ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಮಾಡ್ಕೊಂಡು ಕೂತ್ಕೊಳಿ.

ಅಲ್ಲಿ ಕಬ್ಬಿಣದ ಅದಿರು ಇದೆ ಅಂತ ಗೊತ್ತಾಗಿದ್ದು 1913ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಅನ್ನೋರು ಆ ಗುಡ್ಡಗಳಲ್ಲಿ ಓಡಾಡಿ ಕಂಡುಹಿಡಿದ್ರು. ಆಗ ರೋಡಿಲ್ಲ, ಕಾಡು, ಜಿಗಣೆ, ಮಳೆ. ಕಂಡುಹಿಡಿದ ಮೇಲೂ ಐವತ್ತು ವರ್ಷ ಯಾರೂ ಮುಟ್ಲಿಲ್ಲ. ಯಾಕಂದ್ರೆ ಅದಿರು ತುಂಬಾ ಇತ್ತು ಆದ್ರೆ ಸಪ್ಪೆ ಅದಿರು. ಸಂಡೂರು ಕಡೆ ಸಿಗೋ ಹೆಮಟೈಟ್ ಅಗೆದು ಲಾರಿಗೆ ತುಂಬಿದ್ರೆ ಮಾರಾಟಕ್ಕೆ ರೆಡಿ, ಅದ್ರಲ್ಲಿ ಅರವತ್ತರ ಮೇಲೆ ಕಬ್ಬಿಣ ಇರುತ್ತೆ ನೂರಕ್ಕೆ. ಇಲ್ಲಿಂದು ಮ್ಯಾಗ್ನೆಟೈಟ್, ಕಬ್ಬಿಣ ಮೂವತ್ತೆಂಟರ ಆಸುಪಾಸು. ಹಂಗೇ ಕೊಟ್ರೆ ಯಾರೂ ತಗೊಳಲ್ಲ, ಹಿಟ್ಟು ಮಾಡಿ ಮ್ಯಾಗ್ನೆಟ್ ಹಾಕಿ ಎಳೆದು 67 ಪರ್ಸೆಂಟಿಗೆ ತರಬೇಕು. ಅಂದ್ರೆ ಬರೀ ಗಣಿ ಸಾಲ್ದು, ದೊಡ್ಡ ಫ್ಯಾಕ್ಟರಿ ಬೇಕು, ನೀರು ಬೇಕು, ಕರೆಂಟು ಬೇಕು, ಬಂದರು ಬೇಕು.

1960ರ ದಶಕದಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ ಸರ್ವೆ ಶುರು ಮಾಡ್ತು, ಜಪಾನಿನೋರು ಅಮೆರಿಕದೋರು ಎಲ್ಲ ಬಂದು ನೋಡ್ಕೊಂಡು ಹೋದ್ರು. 1969ರ ಜುಲೈಯಿಂದ 30 ವರ್ಷದ ಲೀಸ್, ಸುಮಾರು 4,600 ಹೆಕ್ಟೇರ್. ಈ 30 ವರ್ಷ ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದಿನ ಎಲ್ಲ ರಗಳೆಗೂ ಅದೇ ಮೂಲ.

ದುಡ್ಡು ಬಂದಿದ್ದು ಎಲ್ಲಿಂದ ಗೊತ್ತಾ? ಇರಾನಿಂದ! ಎಣ್ಣೆ ರೇಟು ಏರಿ ಇರಾನಿನ ಶಾ ಹತ್ರ ದುಡ್ಡು ಸುರೀತಿದ್ದ ಕಾಲ, ಅವ್ರಿಗೆ ಉಕ್ಕಿನ ಕಾರ್ಖಾನೆ ಕಟ್ಟೋ ಹುಚ್ಚು. 1975ರಲ್ಲಿ ಒಪ್ಪಂದ. 630 ಮಿಲಿಯನ್ ಡಾಲರ್ ಸಾಲ ಅವ್ರು ಕೊಡೋದು, 21 ವರ್ಷದಲ್ಲಿ 150 ಮಿಲಿಯನ್ ಟನ್ ಅದಿರು ನಾವು ಕಳ್ಸೋದು. 1976ರ ಏಪ್ರಿಲಲ್ಲಿ ಕಂಪನಿ ಹುಟ್ತು, ಕುದುರೆಮುಖ ಐರನ್ ಓರ್ ಕಂಪನಿ, ಕೇಂದ್ರ ಸರ್ಕಾರದ್ದು. ನಾಲ್ಕೇ ವರ್ಷದಲ್ಲಿ ಆ ಮಳೆಯಲ್ಲಿ ರೋಡು, ಡ್ಯಾಮು, ಪ್ಲಾಂಟು, ಪೈಪ್‌ಲೈನು, ಮಂಗಳೂರಲ್ಲಿ ಜೆಟ್ಟಿ, ಊರು ಎಲ್ಲಾ ಎದ್ದು ನಿಂತು 1980ಕ್ಕೆ ಪ್ಲಾಂಟ್ ರೆಡಿ. ಅಷ್ಟರಲ್ಲಿ 1979ರಲ್ಲಿ ಇರಾನಲ್ಲಿ ಕ್ರಾಂತಿ ಆಗಿ ಶಾ ದೇಶ ಬಿಟ್ಟು ಓಡಿದ್ದ. 255 ಮಿಲಿಯನ್ ಬಂದಿತ್ತು, ಉಳಿದಿದ್ದು ನಮ್ಮ ಸರ್ಕಾರವೇ ಹಾಕ್ಬೇಕಾಯ್ತು. ಅದಿರು ರೆಡಿ, ತಗೊಳ್ಳೋ ಗಿರಾಕಿನೇ ಇಲ್ಲ. ಮದುವೆ ಮಂಟಪ ಹಾಕಿ ಅಡುಗೆನೂ ಆದ್ಮೇಲೆ ಗಂಡಿನ ಕಡೆಯೋರು ಬರ್ಲಿಲ್ಲ ಅನ್ನೋ ಹಂಗೆ. ಆಮೇಲೆ ಬೇರೆ ದೇಶಗಳಿಗೆ ಹುಡುಕ್ಕೊಂಡು ಹೋಗಿ ಮಾರಿದ್ರು. 1987ರಲ್ಲಿ ಮಂಗಳೂರು ಪಣಂಬೂರಲ್ಲಿ ಪೆಲೆಟ್ ಪ್ಲಾಂಟ್, ಅಂದ್ರೆ ಅದಿರಿನ ಹಿಟ್ಟನ್ನ ಉಂಡೆ ಕಟ್ಟಿ ಸುಡೋ ಫ್ಯಾಕ್ಟರಿ, ಹಾಕಿದ ಮೇಲೆ ಉಸಿರಾಡಿದ್ದು.

ಉಳಿದಿದ್ದು ಆಮೇಲೆ ಬರೀತೀನಿ, ಕರೆಂಟ್ ಹೋಯ್ತು.

ನಿವೃತ್ತ_ಫಿಟ್ಟರ್:
ನಮಸ್ಕಾರ. ನನಗೆ ಎಪ್ಪತ್ತಾರು ವರ್ಷ, ಮೊಮ್ಮಗ ಟೈಪ್ ಮಾಡಿ ಕೊಡ್ತಿದ್ದಾನೆ, ತಪ್ಪಿದ್ರೆ ಅವನದ್ದು. ನಕ್ಷೆಯವರು ಹೇಳಿದ್ದು ಸರಿ ಇದೆ. ನಾನು ಪೈಪ್‌ಲೈನ್ ಕಡೆ ಇದ್ದೆ. ಅದ್ರ ಬಗ್ಗೆ ಯಾರೂ ಬರೆಯಲ್ಲ, ಅದಕ್ಕೆ ಹೇಳ್ತೇನೆ.

ಮೂರು ಟನ್ ಅದಿರು ತೆಗೆದ್ರೆ ಒಂದು ಟನ್ ಮಾಲು ಅಂತ ಲೆಕ್ಕ ಹಿಡ್ಕೊಳ್ಳಿ. ಪೂರ್ತಿ ಕೆಪ್ಯಾಸಿಟಿಲಿ ವರ್ಷಕ್ಕೆ 75 ಲಕ್ಷ ಟನ್ ಮಾಲು. ಅದು ಹೆಂಗಿರುತ್ತೆ ಅಂದ್ರೆ ಕಪ್ಪು ಹಿಟ್ಟು, ಕೈಗೆ ತಗೊಂಡ್ರೆ ರಾಗಿಹಿಟ್ಟಿಗಿಂತ ನುಣುಪು, ಆದ್ರೆ ಒಂದು ಬೊಗಸೆ ಹಿಡಿದ್ರೆ ಕೈ ಕೆಳಗೆ ಜಗ್ಗುತ್ತೆ, ಅಷ್ಟು ಭಾರ. ಅದನ್ನ ನೀರಲ್ಲಿ ಕಲ್ಸಿ ಗಂಜಿ ಹದಕ್ಕೆ ತಂದು ಪೈಪಲ್ಲಿ ಬಿಡೋದು. 67 ಕಿ.ಮೀ. ಘಟ್ಟದ ಮೇಲಿಂದ ಪಣಂಬೂರಿನ ತನಕ, ಇಳಿಜಾರಲ್ಲಿ ತಾನಾಗೇ ಹರ್ಕೊಂಡು ಹೋಗೋದು. ಲಾರಿ ಇಲ್ಲ, ರೈಲಿಲ್ಲ. ಆದ್ರೆ ಒಂದೇ ಭಯ, ನಿಲ್ಲಬಾರದು. ನಿಂತ್ರೆ ಹಿಟ್ಟು ತಳ ಹಿಡಿಯುತ್ತೆ, ಗಂಜಿ ತಪ್ಪಲೆ ತಳ ಹಿಡಿದ ಹಂಗೆ, ಆಮೇಲೆ ಕೆರೆಯೋದು ಯಾರು ಆ ಕಾಡಲ್ಲಿ? ಅದಕ್ಕೆ ಮಾಲು ನಿಲ್ಸೋ ಮೊದ್ಲು ಹಿಂದಿಂದ ಬರೀ ನೀರು ಬಿಟ್ಟು ಪೈಪು ತೊಳ್ಕೋಬೇಕು. ಅರ್ಧ ರಾತ್ರಿ ಫೋನ್ ಬಂದ್ರೆ ನಮ್ಮನೆಯವಳು ಏನು ಅಂತ ಕೇಳ್ತಾನೇ ಇರ್ಲಿಲ್ಲ, ಕೊಡೆ, ಟಾರ್ಚು, ಉಪ್ಪಿನ ಪೊಟ್ಟಣ ತೆಗೆದು ಬಾಗ್ಲಲ್ಲಿ ಇಡ್ತಿದ್ದಳು. ಉಪ್ಪು ಇಂಬಳಕ್ಕೆ, ಅಂದ್ರೆ ಜಿಗಣೆಗೆ.

ಮಿಕ್ಕ ಎರಡು ಪಾಲು ಎಲ್ಲಿ ಹೋಯ್ತು ಅಂತ ಕೇಳ್ತೀರಲ್ಲ, ಅದೇ ಲಕ್ಯಾ ಡ್ಯಾಮು. 100 ಮೀಟರ್ ಎತ್ತರದ ಮಣ್ಣಿನ ಕಟ್ಟೆ. ನೀರಿಗೆ ಅಂತ ಕಟ್ಟಿದ್ದು ಅಂದ್ಕೋತಾರೆ ನೋಡೋಕೆ ಬಂದೋರು, ಅದ್ರ ಹೊಟ್ಟೆ ತುಂಬಾ ಇರೋದು ಗಣಿಯ ಕೆಸರು.

ಪಣಂಬೂರು_ಬೀಚು:
ಅಜ್ಜನವ್ರೆ ನಮಸ್ಕಾರ 🙏 ನಿಮ್ಮ ಪೈಪಿನ ಇನ್ನೊಂದು ತುದಿ ನಮ್ಮ ಕಡೆ ಉಂಟು ಮಾರ್ರೆ. ಶಾಲೆಗೆ ಹೋಗುವಾಗ ನಮಗೆ ಕುದುರೆಮುಖ ಅಂದ್ರೆ ಪಣಂಬೂರಿನ ಫ್ಯಾಕ್ಟರಿಯೇ, ಘಟ್ಟದ ಮೇಲೆ ಅದೇ ಹೆಸರಿನ ಗುಡ್ಡ ಉಂಟು ಅಂತ ಗೊತ್ತಾದದ್ದು ದೊಡ್ಡವ ಆದ ಮೇಲೆ. ಗಣಿ ನಿಂತ ಮೇಲೆ ಪೆಲೆಟ್ ಪ್ಲಾಂಟಿಗೆ ಅದಿರು ಹೊರಗಿಂದ ತರುವ ಪರಿಸ್ಥಿತಿ, ಬೈಲಾಡಿಲಾದಿಂದ ಎಲ್ಲ. ಛತ್ತೀಸ್‌ಗಢದಿಂದ ಮಂಗಳೂರಿಗೆ! ಓಡ್ತದೆ, ನಿಲ್ತದೆ, ಪುನಃ ಓಡ್ತದೆ. ಒಂದು ಮಾತ್ರ ಹೇಳ್ಬೇಕು, ಟೌನ್‌ಶಿಪ್ಪಿನವ್ರು ಸುಮಾರು ಜನ ಕೆಳಗೆ ಬಂದು ನಮ್ಮಲ್ಲೇ ಸೆಟ್ಲ್ ಆಗಿದ್ದಾರೆ, ಸುರತ್ಕಲ್, ಕಾವೂರು ಆ ಬದಿ. ತುಳು ಕಲಿತು ನಮ್ಮವ್ರೇ ಆಗಿದ್ದಾರೆ.

ಕಳಸದ_ತೋಟ:
ಎಲ್ರೂ ಚೆನ್ನಾಗಿ ನೆನಪು ಬರೀತಿದೀರಿ, ಬೇಜಾರು ಮಾಡ್ಕೋಬೇಡಿ, ಹೊಳೆ ಕೆಳಗಡೆಯೋರದ್ದೂ ಒಂಚೂರು ಕೇಳಿ. ಭದ್ರೆ ಹುಟ್ಟೋದು ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲೇ, ಒಂದೇ ಬೆಟ್ಟದ ಮೈಯಲ್ಲಿ. ಹುಟ್ಟಿ ಸ್ವಲ್ಪ ದೂರ ಹರಿಯೋದ್ರೊಳಗೆ ಎದುರಾಗಿದ್ದು ಗಣಿ. ವರ್ಷಕ್ಕೆ 7,000 ಮಿಲಿಮೀಟರ್ ಹತ್ರ ಮಳೆ ಬೀಳೋ ಜಾಗದಲ್ಲಿ ಗುಡ್ಡದ ತಲೆ ಬೋಳಿಸಿ ಅಗೆದ್ರೆ ಮಣ್ಣು ಎಲ್ಲಿಗೆ ಹೋಗುತ್ತೆ ಮಾರಾಯ್ರೆ? ಕಳಸ, ಬಾಳೆಹೊನ್ನೂರು, ಎನ್.ಆರ್. ಪುರ ದಾಟಿ ಕೊನೆಗೆ ಲಕ್ಕವಳ್ಳಿ ಡ್ಯಾಮಿಗೆ. ಅಲ್ಲಿಂದ ನೀರು ಕುಡಿಯೋದು ಭದ್ರಾವತಿ, ದಾವಣಗೆರೆ ಕಡೆಯ ಗದ್ದೆಗಳು. ಕೋರ್ಟಲ್ಲಿ ಈ ಹೂಳಿನದ್ದೇ ದೊಡ್ಡ ವಾದ ಆಗಿದ್ದು.

ನಿಜ ಹೇಳ್ಬೇಕಂದ್ರೆ ಮಳೆಗಾಲದಲ್ಲಿ ಭದ್ರೆ ಈಗ್ಲೂ ಕೆಂಪಾಗೇ ಬರ್ತಾಳೆ, ರೋಡ್ ಅಗಲ ಮಾಡ್ತೀವಿ ಅಂತ ಗುಡ್ಡ ಕಡೀತಾರೆ, ನಾವೂ ತೋಟ ಮಾಡಕ್ಕೆ ಕಡ್ದಿದೀವಿ, ನಮ್ಮದೇನು ಕಮ್ಮಿ ಇಲ್ಲ. ಆದ್ರೆ ಆಗಿನ ಕೆಂಪೇ ಬೇರೆ.

ಮಳೆಗಾಲದ_ಅಕ್ಕ:
ನೀವು ಹೇಳೋದು ಸರಿ ಅಣ್ಣಾ. ನಮ್ಮನೆಯೋರು ಮೈನಲ್ಲೇ ಇದ್ರು, ಆದ್ರೂ ಸರಿ ಅಂತೀನಿ.

ನಾನು 1983ರಲ್ಲಿ ಮದುವೆ ಆಗಿ ಬಂದೆ, ಚಿತ್ರದುರ್ಗದ ಕಡೆಯೋಳು. ನಮ್ಮೂರಲ್ಲಿ ಮಳೆ ಬಂದ್ರೆ ಹೊರಗೆ ಬಂದು ನೋಡ್ತಿದ್ವಿ, ಇಲ್ಲಿ ಜೂನ್ ಒಂದನೇ ವಾರ ಶುರು ಆದ್ರೆ ಗಣೇಶನ ಹಬ್ಬದ ತನಕ ಬಿಸಿಲಿನ ಮುಖ ಇಲ್ಲ. ಮೊದಲ ಮಳೆಗಾಲದಲ್ಲಿ ದಿನಾ ಅಳ್ತಿದ್ದೆ. ಬಟ್ಟೆ ಒಣಗ್ತಾನೇ ಇರ್ಲಿಲ್ಲ, ಮಗು ಆದ್ಮೇಲೆ ಲಂಗೋಟಿನೆಲ್ಲ ಇಸ್ತ್ರಿ ಪೆಟ್ಟಿಗೆಲಿ ಒಣಗ್ಸಿದೀನಿ. ಬೀರು ಒಳಗಿನ ರೇಷ್ಮೆ ಸೀರೆ ಮೇಲೆ ಬೂಷ್ಟು, ಚಪ್ಪಲಿ ಮೇಲೆ ಬೂಷ್ಟು, ಮದುವೆ ಆಲ್ಬಮ್ ಮೇಲೆ ಬೂಷ್ಟು, ಉಪ್ಪಿನ ಡಬ್ಬಿಲಿ ನೀರು. ಬೆಂಕಿಪೊಟ್ಟಣನ ಅಕ್ಕಿ ಡಬ್ಬಿಲಿ ಬಚ್ಚಿಡ್ತಿದ್ವಿ. ನಮ್ಮನೆ ಬಲಕ್ಕೆ ಆಂಧ್ರದೋರು, ಎಡಕ್ಕೆ ಕೇರಳದೋರು, ಮೇಲೆ ಉತ್ತರ ಪ್ರದೇಶದೋರು. ಹಪ್ಪಳ ಸಂಡಿಗೆ ಬೇಸಿಗೇಲಿ ಎಲ್ಲರದ್ದೂ ಒಂದೇ ಟೆರೇಸಲ್ಲಿ, ಯಾರದ್ದು ಯಾರು ತಿಂದ್ರೋ ಗೊತ್ತಿಲ್ಲ. ಮಗಳು ಕನ್ನಡ ಮಲಯಾಳಂ ತೆಲುಗು ಒಟ್ಟೊಟ್ಟಿಗೆ ಕಲ್ತಳು. ಆಸ್ಪತ್ರೆ, ಸ್ಕೂಲು, ಕ್ಲಬ್ಬು, ಸಿನಿಮಾ ತೋರ್ಸೋ ಹಾಲು, ಸೊಸೈಟಿ ಅಂಗಡಿ ಎಲ್ಲ ಇತ್ತು, ಬಾಡಿಗೆ ಕರೆಂಟು ನೀರಿನ ಚಿಂತೆ ಇರ್ಲಿಲ್ಲ. ಒಂದೇ ಇರ್ಲಿಲ್ಲ ಅಲ್ಲಿ, ಏನು ಹೇಳಿ? ಮುದುಕರು! ರಿಟೈರ್ ಆದ್ರೆ ಕ್ವಾರ್ಟರ್ಸ್ ಬಿಡ್ಬೇಕು, ಹೊರಡ್ಬೇಕು. ಇಪ್ಪತ್ತು ಚಿಲ್ಲರೆ ವರ್ಷ ಇದ್ದ ಊರಲ್ಲಿ ನಾನು ನೋಡಿದ ಸಾವಿನ ಮನೆ ಬೆರಳಲ್ಲಿ ಎಣಿಸಬಹುದು.

ಕ್ವಾರ್ಟರ್ಸ್_ಹುಡುಗ:
ಅಕ್ಕಾ ಇದನ್ನ ನಾನು ಯಾವತ್ತೂ ಯೋಚ್ನೆನೇ ಮಾಡಿರ್ಲಿಲ್ಲ. ಹೌದು, ಅಜ್ಜ ಅಜ್ಜಿ ಅಂದ್ರೆ ರಜೆಗೆ ಬಂದು ಹೋಗೋರು, ನಮ್ ಬ್ಲಾಕಲ್ಲಿ ಇರೋ ಅಜ್ಜ ಅಂತ ಒಬ್ರೂ ಇರ್ಲಿಲ್ಲ. ಬ್ಲಾಸ್ಟಿಂಗ್ ಸೈರನ್ ನೆನಪಿದ್ಯಾ? ಸೈರನ್ ಆದ್ಮೇಲೆ ಕ್ಲಾಸಲ್ಲಿ ಎಲ್ರೂ ಸುಮ್ನಾಗ್ತಿದ್ವಿ, ಆಮೇಲೆ ದೂರದಲ್ಲಿ ಧಬ್ ಅಂತ, ಬೆಂಚು ಚೂರು ಅಲುಗಾಡೋದು, ಮೇಷ್ಟ್ರು ಸೀಮೆಸುಣ್ಣ ಎತ್ಕೊಂಡು ಮುಂದುವರ್ಸೋರು.

ಹಳೇ_ನಕ್ಷೆ:
ಕರೆಂಟ್ ಬಂತು, ಮುಂದುವರ್ಸ್ತೀನಿ.

ಲೀಸ್ 30 ವರ್ಷ ಅಂದೆನಲ್ಲ, 1999ರ ಜುಲೈಗೆ ಮುಗೀತು. ಅಷ್ಟರಲ್ಲಿ ಸುತ್ತ ಮುತ್ತ ಕಾನೂನು ಪೂರ್ತಿ ಬದಲಾಗಿತ್ತು. 1969ರಲ್ಲಿ ಲೀಸ್ ಕೊಟ್ಟಾಗ ವನ್ಯಜೀವಿ ಕಾಯ್ದೆನೂ ಇಲ್ಲ, ಅರಣ್ಯ ಸಂರಕ್ಷಣಾ ಕಾಯ್ದೆನೂ ಇಲ್ಲ, ಅವು ಬಂದಿದ್ದು 1972, 1980ರಲ್ಲಿ. 1987ರಲ್ಲಿ ಸಿಂಗಳೀಕಗಳಿವೆ, ಶೋಲಾ ಕಾಡಿದೆ ಅಂತ 600 ಚದರ ಕಿ.ಮೀ. ಜಾಗಕ್ಕೆ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಆಯ್ತು, 2001ರಲ್ಲಿ ಅಂತಿಮ ಅಧಿಸೂಚನೆ. ಅಂದ್ರೆ ಗಣಿ ಮೊದ್ಲು ಬಂದು ಕೂತಿದೆ, ಪಾರ್ಕು ಆಮೇಲೆ ಬಂದು ಸುತ್ತ ನಿಂತಿದೆ. ಕಂಪನಿಗೆ ನೆಲ್ಲಿಬೀಡು, ಗಂಗಡಿಕಲ್ಲು ಕಡೆಗೂ ವಿಸ್ತರಣೆ ಮಾಡೋ ಆಸೆ ಇತ್ತು, ಆಗ ಶೃಂಗೇರಿ ಕೊಪ್ಪ ಕಡೆಯಿಂದ ತುಂಗಾಮೂಲ ಉಳಿಸಿ ಅಂತ ಜನ ಬೀದಿಗೆ ಬಂದ್ರು. ಕೊಡಗಿನ ನಿವೃತ್ತ ರೇಂಜರ್ ಕೆ.ಎಂ. ಚಿಣ್ಣಪ್ಪ, ನಾಗರಹೊಳೆ ಚಿಣ್ಣಪ್ಪ ಅಂದ್ರೆ ಎಲ್ರಿಗೂ ಗೊತ್ತು, ಅವ್ರು ಸುಪ್ರೀಂ ಕೋರ್ಟಿಗೆ ಹೋದ್ರು. 2002ರ ಅಕ್ಟೋಬರ್ 30ಕ್ಕೆ ತೀರ್ಪು: 2005ರ ಕೊನೆಗೆ ಬಾಗಿಲು ಹಾಕಿ ಅಂತ. 2005ರ ಡಿಸೆಂಬರ್ 31ಕ್ಕೆ ಗಣಿ ನಿಲ್ತು. ಲೆಕ್ಕ ಹಾಕಿದ್ರೆ ಅದಿರು ಹೊರಗೆ ಬಂದಿದ್ದು ಬರೀ 25 ವರ್ಷ.

ಅದಿರು ಖಾಲಿ ಆಗಿ ಮುಚ್ಚಿದ್ದಲ್ಲ ಇದು, ಮೇಲಿನ ಮೆತ್ತನೆ ಅದಿರು ತೆಗೆದಿದ್ರು, ಅಡಿಲಿ ಗಟ್ಟಿ ಅದಿರು ಇನ್ನೂ ರಾಶಿ ಇದೆ. ಕೋರ್ಟು ಬೇಡ ಅಂತು ಅಂತ ನಿಂತ ಗಣಿ ನಮ್ಮ ದೇಶದಲ್ಲಿ ಎಷ್ಟಿದೆ ಹೇಳಿ ನೋಡೋಣ.

ಸಂಡೂರ್_ಮಂದಿ:
ಅಣ್ಣಾವ್ರ ನಮ್ಮ ಕಡೆ ಬರ್ರಿ ಒಮ್ಮೆ. ಕುದುರೆಮುಖಕ್ಕ ಕೋರ್ಟು ಬೇಡ ಅಂತಂದ್ರ ಆ ಕಂಪನಿ ಎಲ್ಲಿ ಬಂತು? ಸಂಡೂರಿನ ದೇವದಾರಿ ಗುಡ್ಡಕ್ಕ. 2024ರಾಗ ಕೇಂದ್ರ ಉಕ್ಕಿನ ಮಂತ್ರಿ ಆದ ಕೂಡ್ಲೇ ಕುಮಾರಸ್ವಾಮಿ ಅವ್ರು ಸಹಿ ಹಾಕಿದ ಫೈಲು ಅದ ಐತಿ, ಆಮ್ಯಾಲೆ ರಾಜ್ಯದೋರು ಕಾಡಿನ ಜಾಗ ಕೊಡಂಗಿಲ್ಲ ಅಂತ ತಡದ್ರು. ನಿಮ್ಮ ಸಿಂಗಳೀಕಕ್ಕ ವಕೀಲರು ಸಿಕ್ರು, ನಮ್ಮ ಕರಡಿಗೆ ಯಾರ್ರಿ? ಒಂದು ಕಡೆ ಉಳ್ಸಾಕ ಇನ್ನೊಂದು ಕಡೆ ಕಡಿಯೂದು ಅಂದ್ರ ಇದ್ಯಾವ ನ್ಯಾಯ.

ಕಳಸದ_ತೋಟ:
ಈ ಮಾತಿಗೆ ನನ್ನತ್ರ ಉತ್ತರ ಇಲ್ಲ ಮಾರಾಯ್ರೆ. ಸರಿಯಾಗೇ ಕೇಳಿದೀರಿ.

ಟ್ರೆಕ್ಕಿಂಗ್_ಮಗಾ:
ಒಂದು ಡೌಟು. ಕೆ.ಜಿ.ಎಫ್. ಗಣಿನೂ ಮುಚ್ತು, ಆದ್ರೆ ಅಲ್ಲಿ ಜನ ಇದಾರಲ್ಲ ಇನ್ನೂ? ಇಲ್ಲಿ ಯಾಕೆ ಊರಿಗೆ ಊರೇ ಖಾಲಿ ಆಯ್ತು?

ಉರಿಗಾಂಪೇಟೆ:
ನಾನು ಕೆ.ಜಿ.ಎಫ್. ಹುಡ್ಗ, ನಾನೇ ಹೇಳ್ತೀನಿ. ನಮ್ದು 1880ರಿಂದ ಜಾನ್ ಟೇಲರ್ ಕಂಪನಿ ಕಾಲದ್ದು, ಮುಚ್ಚಿದ್ದು 2001ರ ಫೆಬ್ರವರಿ 28. ನೂರಿಪ್ಪತ್ತು ವರ್ಷ ಸ್ವಾಮಿ. ತಾತನ ತಾತ ಕೂಲಿಗೆ ಅಂತ ಚಿತ್ತೂರು, ಆರ್ಕಾಟು ಕಡೆಯಿಂದ ಬಂದೋರು, ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾಗಿದಾರೆ. ವಾಪಸ್ ಹೋಗೋಕೆ ನಮಗೆ ಬೇರೆ ಊರೇ ಇಲ್ಲ. ಅದಕ್ಕೆ ಆ ಲೈನ್ ಮನೆಗಳಲ್ಲೇ ಕೂತಿದೀವಿ, ಬೆಳಿಗ್ಗೆ ಕತ್ಲಲ್ಲಿ ಮಾರಿಕುಪ್ಪಂ ಟ್ರೇನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ವಾಪಸ್ ಹೋಗೋದು, ಸೀಟ್ ಸಿಕ್ರೆ ಪುಣ್ಯ. ನಿಮ್ಮೋರಿಗೆ ಎಲ್ರಿಗೂ ಒಂದೊಂದು ಊರಿತ್ತು. ಇನ್ನೊಂದು, ನಮ್ಮದು ಬಯಲು, ಸುತ್ತ ಊರುಗಳಿದಾವೆ, ಬಸ್ಸು ರೈಲು ಇದೆ. ನಿಮ್ಮದು ಕಾಡಿನ ಮಧ್ಯ, ಗಣಿ ಬಿಟ್ರೆ ಹೊಟ್ಟೆಪಾಡಿಗೆ ಏನಿದೆ ಅಲ್ಲಿ? ಹೊಸದಾಗಿ ಅಂಗಡಿ ಹಾಕೋಣ ಅಂದ್ರೂ ಜಾಗ ಯಾರದ್ದು?

ನಿವೃತ್ತ_ಫಿಟ್ಟರ್:
ಉರಿಗಾಂನವರು ಒಂದೇ ಏಟಿಗೆ ಹೇಳಿದ್ರು. ನಾವು ಯಾರೂ ಅಲ್ಲಿ ಒಂದು ಗೇಣು ಜಾಗ ಕೊಂಡಿಲ್ಲ, ಕೊಳ್ಳೋ ಹಂಗೂ ಇರ್ಲಿಲ್ಲ. ಕೊನೆ ದಿನ ಕೀ ವಾಪಸ್ ಕೊಡೋವಾಗ ಸಾಮಾನಿನ ಲಿಸ್ಟ್ ಇರ್ತದೆ, ಫ್ಯಾನ್ ಎಷ್ಟು, ಬಲ್ಬ್ ಹೋಲ್ಡರ್ ಎಷ್ಟು ಅಂತ. ನಾನೇ ಕೈಯಾರೆ ಹಾಕಿದ ಒಂದು ಮರದ ಶೆಲ್ಫ್ ಇತ್ತು, ಅದು ಲಿಸ್ಟಲ್ಲಿ ಇರ್ಲಿಲ್ಲ. ಬಿಚ್ಚೋದಾ ಬೇಡ್ವಾ ಅಂತ ಸುಮಾರು ಹೊತ್ತು ನೋಡ್ತಾ ನಿಂತಿದ್ದೆ. ಬಿಟ್ಟು ಬಂದೆ.

ಪಣಂಬೂರು_ಬೀಚು:
ಅಜ್ಜನವ್ರೆ ಎಂತ ಹೇಳುದು ಇದಕ್ಕೆ.

ಮೂಲನಿವಾಸಿ_ಮನೆ:
ಇಷ್ಟೊತ್ತು ಓದ್ತಿದ್ದೆ, ಒಂದು ಮಾತು. ಟೌನ್‌ಶಿಪ್ಪಿನೋರಿಗೆ ಒಂದೊಂದು ಊರಿತ್ತು ಅಂದ್ರಿ. ಆ ಗುಡ್ಡದಲ್ಲೇ ಊರಿದ್ದೋರು ನಾವು, ಮಲೆಕುಡಿಯರು, ಗೌಡ್ಲು. ನಿಮ್ಮ ಟೌನ್‌ಶಿಪ್ಪಿಗೆ ಮಲ್ಲೇಶ್ವರ ಅಂತ ಹೆಸರಿತ್ತಲ್ಲ, ಅದು ಎಲ್ಲಿಂದ ಬಂತು ಅಂದ್ಕೊಂಡಿದೀರಿ? ಗಣಿ ಬಂದಾಗ ಜಾಗ ಬಿಡಿ ಅಂದ್ರು. ಗಣಿ ಹೋಗಿ ಪಾರ್ಕ್ ಬಂತು, ಪ್ಯಾಕೇಜ್ ತಗೊಂಡು ಜಾಗ ಬಿಡಿ ಅಂದ್ರು. ಅದಿರು ಬೇಕಾದ್ರೂ ನಾವೇ ಅಡ್ಡ, ಹುಲಿ ಬೇಕಾದ್ರೂ ನಾವೇ ಅಡ್ಡ. ಮಧ್ಯದಲ್ಲಿ ನಕ್ಸಲ್ ಕಾಲ ಒಂದು ಬಂದು ಹೋಯ್ತು, ಆಗ ರಾತ್ರಿ ಯಾರು ಬಾಗಿಲು ತಟ್ಟಿದ್ರೂ ಭಯ, ಅವ್ರು ಬಂದ್ರೂ ಕಷ್ಟ ಪೊಲೀಸ್ರು ಬಂದ್ರೂ ಕಷ್ಟ. ಪ್ಯಾಕೇಜ್ ತಗೊಂಡು ಹೋದೋರಲ್ಲಿ ಚೆನ್ನಾಗಿರೋರೂ ಇದಾರೆ, ಸುಳ್ಳು ಹೇಳಲ್ಲ, ಮಕ್ಕಳಿಗೆ ಸ್ಕೂಲು ಹತ್ರ ಆಯ್ತು. ಆದ್ರೆ ಹೋಗೋದಾ ಇರೋದಾ ಅಂತ ನಾವೇ ತೀರ್ಮಾನ ಮಾಡೋ ಹಂಗೆ ಇರ್ಬೇಕಿತ್ತು, ಅಷ್ಟೆ ನನ್ನ ಮಾತು.

ಕ್ವಾರ್ಟರ್ಸ್_ಹುಡುಗ:
ಒಪ್ಕೊಂಡೆ ಅಣ್ಣಾ. ನಮ್ಮ ಮನೆಗೆ ಜೇನು ತಂದು ಕೊಡ್ತಿದ್ದೋರೊಬ್ರಿದ್ರು, ಹಾಲಿನ ಸೀಸೆಯಲ್ಲಿ. ಅವ್ರ ಮನೆ ಎಲ್ಲಿ ಅಂತ ಒಂದು ದಿನನೂ ಕೇಳಿಲ್ಲ ನಾನು. ಈಗ ಅನ್ಸುತ್ತೆ.

ಹಳೇ_ನಕ್ಷೆ:
ಮೊದಲ ಪೋಸ್ಟಲ್ಲಿ ಊರಿನ ಕಥೆ ಪೂರ್ತಿ ಕೇಳಿದ್ರಲ್ಲ, ಈಗಿನ ಸ್ಥಿತಿನೂ ಬರೀತೀನಿ. ನಾನು ನೋಡಿದ್ದು ಹೇಳ್ತೀನಿ. ಊರು ಪೂರ್ತಿ ಸತ್ತಿಲ್ಲ. ಮೇನ್ ರೋಡ್ ಪಕ್ಕ ಅಂಗಡಿ ಒಂದೆರಡು, ಟೀ ಸಿಗುತ್ತೆ, ಕಳಸ ಮಂಗಳೂರು ಬಸ್ಸು ಓಡಾಡುತ್ತೆ, ಅರಣ್ಯ ಇಲಾಖೆ ಇದೆ, ಸೆಕ್ಯುರಿಟಿ ಇದಾರೆ. ಹತ್ರದಲ್ಲೇ ಭಗವತಿ ನೇಚರ್ ಕ್ಯಾಂಪು. ವೀಕೆಂಡಲ್ಲಿ ಹನುಮಾನ್‌ಗುಂಡಿ ಫಾಲ್ಸ್ ಹತ್ರ ಗಾಡಿ ಸಾಲು. ಪೀಕಿಗೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ, ಆನ್‌ಲೈನ್ ಬುಕ್ ಮಾಡ್ಬೇಕು. ಗಣಿ ಬೆಂಚುಗಳು, ಅದೇ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಕೊರ್ದಿರೋದು, ದೂರದಿಂದ ಈಗ್ಲೂ ಕಾಣುತ್ತೆ, ಹುಲ್ಲು ಹಿಡಿದಿದೆ ಆದ್ರೆ ಆ ಗೆರೆಗಳು ಹೋಗಿಲ್ಲ. ಆಗಾಗ ಎಕೋ ಟೂರಿಸಂ ಮಾಡ್ತೀವಿ, ಖಾಲಿ ಮನೆಗಳನ್ನ ರೆಸಾರ್ಟ್ ಮಾಡ್ತೀವಿ ಅಂತ ಪೇಪರಲ್ಲಿ ಬರುತ್ತೆ, ಮುಂದಿನ ಚುನಾವಣೆಗೆ ಮತ್ತೆ ಬರುತ್ತೆ.

ಟ್ರೆಕ್ಕಿಂಗ್_ಮಗಾ:
ರೆಸಾರ್ಟ್ ಆದ್ರೆ ತಪ್ಪೇನಿದೆ ಆದ್ರೂ? ಕಟ್ಟಡ ರೆಡಿ ಇದೆ, ಲೋಕಲ್ ಜನಕ್ಕೆ ಕೆಲಸ ಸಿಗುತ್ತೆ.

ಕಳಸದ_ತೋಟ:
ಕಟ್ಟಡ ರೆಡಿ ಅಲ್ಲಪ್ಪಾ, 20 ಮಳೆಗಾಲ ಕುಡಿದಿರೋ ಕಟ್ಟಡ. ಗೋಡೆಗೆ ಬೆರಳು ಒತ್ತಿದ್ರೆ ಗಾರೆ ಉದುರುತ್ತೆ. ಇನ್ನು ಜನಕ್ಕೆ ಕೆಲಸ ಅಂದ್ರೆ ನಮ್ಮ ಹುಡುಗ್ರಿಗೆ ಜೀಪ್ ಓಡ್ಸೋದು, ಪಾತ್ರೆ ತೊಳೆಯೋದು. ಹೋಮ್‌ಸ್ಟೇ ಈಗ್ಲೇ ಸಂಸೆ ಕಳಸ ಕಡೆ ಸಾಕಷ್ಟಿದೆ, ಅದ್ರ ಪ್ಲಾಸ್ಟಿಕ್ಕೇ ಹೊಳೆಲಿ ಹೋಗ್ತಿದೆ. ಗಣಿನ ಓಡ್ಸಿ ಡಿಜೆ ಕರ್ಕೊಂಡು ಬರ್ಬೇಕಾ? ನನ್ನ ಕೇಳಿದ್ರೆ ಹಂಗೇ ಬಿಟ್ಬಿಡಿ. ಕಾಡು ತಾನಾಗೇ ತಗೊಳ್ಳುತ್ತೆ.

ಮೂಲನಿವಾಸಿ_ಮನೆ:
ಹಂಗೇ ಬಿಟ್ಬಿಡಿ ಅನ್ನೋದು ತೋಟ ಇದ್ದೋರಿಗೆ ಸುಲಭ. ಜೀಪ್ ಓಡ್ಸೋ ಕೆಲಸವಾದ್ರೂ ಸಿಗ್ಲಿ ಅನ್ನೋ ಹುಡುಗ್ರಿದಾರೆ ನಮ್ಮಲ್ಲಿ. ಆಸ್ಪತ್ರೆ ಇತ್ತಲ್ಲ ಟೌನ್‌ಶಿಪ್ಪಲ್ಲಿ, ಅದೊಂದಾದ್ರೂ ನಡೆಯೋ ಹಂಗೆ ಇಟ್ಟಿದ್ರೆ? ಹೆರಿಗೆ ನೋವು ಶುರು ಆದ್ರೆ ಈಗ ಆ ತಿರುವಿನ ರೋಡಲ್ಲಿ ಕಾರ್ಕಳಕ್ಕೋ ಮಂಗಳೂರಿಗೋ ಓಡ್ಬೇಕು.

ಕಳಸದ_ತೋಟ:
ಆಸ್ಪತ್ರೆ ವಿಷಯ ನೂರಕ್ಕೆ ನೂರು ಸರಿ. ಹೆಬ್ಬಾಳೆ ಸೇತುವೆ ಮುಳುಗಿದ್ರೆ ಹೊರನಾಡು ಕಡೆಯೋರ ಕಥೆ ನಾವು ನೋಡಿಲ್ವಾ ಮುಂಚೆ. ಆ ಮಾತು ವಾಪಸ್ ತಗೊಂಡೆ, ಆಸ್ಪತ್ರೆ ಬಿಟ್ಟು ಉಳಿದಿದ್ದು ಕಾಡಿಗೆ ಹೋಗ್ಲಿ.

ಮಳೆಗಾಲದ_ಅಕ್ಕ:
ಜಗಳ ಆಡ್ಬೇಡಿ ಇಬ್ರೂ. ಕ್ವಾರ್ಟರ್ಸ್ ಹುಡುಗ, ನೀನು ತೆಗೆದ ಫೋಟೊ ಹಾಕಪ್ಪಾ. ನಮ್ಮನೆ ಹಿಂದೆ ಒಂದು ಪನ್ನೇರಳೆ ಗಿಡ ನೆಟ್ಟಿದ್ದೆ, ಆಸ್ಪತ್ರೆಯಿಂದ ಕೆಳಗೆ ಇಳಿಯೋ ರೋಡಿನ ಎರಡನೇ ಸಾಲು. ಹೊರಡೋ ವರ್ಷ ಮೊದಲನೇ ಸಲ ಹೂ ಬಿಟ್ಟಿತ್ತು, ಹಣ್ಣು ತಿಂದಿಲ್ಲ ನಾನು.

ಕ್ವಾರ್ಟರ್ಸ್_ಹುಡುಗ:
ಅಕ್ಕಾ ಝೂಮ್ ಮಾಡಿ ನೋಡ್ದೆ, ಆ ಸಾಲಲ್ಲಿ ಮನೆಗಿಂತ ಎತ್ತರಕ್ಕೆ ಒಂದಲ್ಲ ಐದಾರು ಮರ ಇದೆ, ಮಂಜಲ್ಲಿ ಯಾವ ಮರ ಅಂತ ಹೇಳಕ್ಕಾಗ್ತಿಲ್ಲ. ಫೋಟೊ ಹಾಕಿದೀನಿ ಕೆಳಗೆ, ನೀವೇ ನೋಡಿ. ಬೇಸಿಗೆಲಿ ಇನ್ನೊಂದ್ಸಲ ಹೋಗ್ತೀನಿ, ಮೊದ್ಲೇ ಪರ್ಮಿಷನ್ ಕೇಳ್ಕೊಂಡು. ಫಿಟ್ಟರ್ ಅಂಕಲ್, ನಿಮ್ಮ ಬ್ಲಾಕ್ ನಂಬರ್ ಹೇಳಿ, ಶೆಲ್ಫ್ ನೋಡ್ಕೊಂಡು ಬರ್ತೀನಿ.

ನಿವೃತ್ತ_ಫಿಟ್ಟರ್:
ನಂಬರ್ ಮೆಸೇಜ್ ಮಾಡ್ತಾನೆ ಮೊಮ್ಮಗ. ಒಳಗೆ ಕಾಲಿಡಬೇಡ, ತಾರಸಿ ನಂಬಬಾರದು. ಕಿಟಕಿಯಿಂದ ನೋಡಿದ್ರೆ ಸಾಕು, ಅಡುಗೆಮನೆ ಗೋಡೆ, ಎಡಗಡೆ. ಉಪ್ಪು ತಗೊಂಡು ಹೋಗು.

ಕಳಸದ_ತೋಟ:
ಬರೋವಾಗ ಇಲ್ಲಿ ಒಂದು ಮೆಸೇಜ್ ಹಾಕಿ, ಊಟಕ್ಕೆ ನಮ್ಮನೆಗೆ ಬನ್ನಿ. ಸಂಸೆ ದಾಟಿದ್ಮೇಲೆ ಫೋನ್ ಮಾಡ್ತೀನಿ ಅನ್ಬೇಡಿ, ನೆಟ್‌ವರ್ಕ್ ಸಿಗಲ್ಲ.